ಐದು ಮೌಲ್ಯ, ಒಂದೇ ಬಸ್ಸು

ಹೊನ್ನೂರುಸ್ವಾಮಿಯ ತೊಂದರೆಗೆಲ್ಲ ಕಾರಣ ಅವನೇ ಬರೆದ ಒಂದು ಪುಟ. ಎರಡು ವರ್ಷದ ಹಿಂದೆ ನದೀಬಯಲು ವಿಶ್ವವಿದ್ಯಾಲಯದ ವೆಬ್‌ಸೈಟಿಗೆ 'ನಮ್ಮ ವಿದ್ವತ್ ಸಮುದಾಯ ಮತ್ತು ಮೌಲ್ಯಗಳು' ಎಂಬ ಪುಟ ಬೇಕಾಗಿತ್ತು. ಹೊಸದಾಗಿ ಬರಬೇಕೆನ್ನುವ ಅಧ್ಯಾಪಕರು ಅದನ್ನು ಓದಿ ಆಕರ್ಷಿತರಾಗಬೇಕು ಎಂದು ಮೇಲಿನಿಂದ ಆದೇಶವಾಗಿತ್ತು. ಬರೆಯುವುದಕ್ಕೆ ಕಾಯಂ ಅಧ್ಯಾಪಕರಿಗೆ ಪುರಸೊತ್ತಿರಲಿಲ್ಲ. ಕಾಯಂ ಅಲ್ಲದವರಿಗೆ ಪುರಸೊತ್ತಿಲ್ಲ ಎನ್ನುವ ಧೈರ್ಯವಿರಲಿಲ್ಲ. ಹೀಗಾಗಿ ಕೆಲಸ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ ಹೊನ್ನೂರುಸ್ವಾಮಿಯ ತಲೆಗೆ ಬಂತು. ಹೆಂಡತಿಯ ತವರಿನಿಂದ ವಾಪಸು ಬರುವಾಗ ಮರಿಯಮ್ಮನಹಳ್ಳಿಯ ಹತ್ತಿರ ಲಾರಿಗಳ ಸಾಲಿನ ಹಿಂದೆ ಬಸ್ಸು ಸಿಕ್ಕಿಕೊಂಡಿತ್ತು. ಅದು ಮತ್ತೆ ಅಲುಗಾಡುವ ಹೊತ್ತಿಗೆ ಅವನ ಮೊಬೈಲಿನಲ್ಲಿ ಐದು ಮೌಲ್ಯಗಳು ತಯಾರಾಗಿದ್ದವು: ಸೌಹಾರ್ದ, ಸಮಾನತೆ, ಸಮಯಪ್ರಜ್ಞೆ, ಪಾರದರ್ಶಕತೆ, ಅರ್ಹತೆಗೆ ಮನ್ನಣೆ. ಕೊನೆಗೆ 'ಬನ್ನಿ, ಕಣ್ಣಾರೆ ನೋಡಿ' ಎಂದು ಸೇರಿಸಿದ್ದ. ಯಾರೂ ಬರುವುದಿಲ್ಲ ಎಂಬ ಭರವಸೆಯಿಂದಲೇ ಸೇರಿಸಿದ್ದ.

ಈಗ ಒಬ್ಬಾಕೆ ಬರುತ್ತಿದ್ದಳು. ಆ ಸುದ್ದಿಯನ್ನು ಬೆಳಿಗ್ಗೆ ಫೋನಿನಲ್ಲಿ ಹೇಳಿದವರು ಪ್ರೊಫೆಸರ್ ಕೊಟ್ರಯ್ಯ, ಪ್ರಭಾರ ಕುಲಪತಿ. ಪ್ರಭಾರವೆಂದರೆ ಖಾಲಿ ಬಿದ್ದ ಕುರ್ಚಿಯನ್ನು ಪಕ್ಕದ ಕುರ್ಚಿಯವರು ಸದ್ಯಕ್ಕೆ ನೋಡಿಕೊಳ್ಳುವುದು. ನದೀಬಯಲಿನಲ್ಲಿ ಈ 'ಸದ್ಯಕ್ಕೆ' ಶುರುವಾಗಿ ಬಹಳ ವರ್ಷವಾಗಿತ್ತು. ನಿವೃತ್ತರಾದವರ ಜಾಗಕ್ಕೆ ಯಾರೂ ಬಾರದೆ, ಉಳಿದ ಬೆರಳೆಣಿಕೆಯ ಕಾಯಂ ಮಂದಿ ಎಲ್ಲ ಕುರ್ಚಿಗಳನ್ನೂ ತಮ್ಮತಮ್ಮಲ್ಲೇ ಹಂಚಿಕೊಂಡಿದ್ದರು. ಪಾಠ ಮಾತ್ರ ಅತಿಥಿಗಳ ಪಾಲಿಗೆ ಬಂದಿತ್ತು.

"ಹೊನ್ನೂರುಸ್ವಾಮಿ, ಇವತ್ತಾ ಕೊನೇ ದಿನ ನೋಡ್ರಿ. ಆಯಮ್ಮ ಸಂಜಿ ಒಳಗ ಸಹಿ ಹಾಕಿದ್ರ ಹಾಕಿದ್ಲು, ಇಲ್ಲಾಂದ್ರ ಅಪಾಯಿಂಟ್‌ಮೆಂಟ್ ಆರ್ಡರ್ ಸತ್ತಂಗ. ಆರ್ಡರ್ ಹಿಂದ ನಿಮ್ ಡಿಪಾರ್ಟ್‌ಮೆಂಟೂ ಸತ್ತಂಗ."

ಇದು ಹೊನ್ನೂರುಸ್ವಾಮಿಗೆ ಗೊತ್ತಿದ್ದ ವಿಷಯವೇ. ಒಬ್ಬರಾದರೂ ಕಾಯಂ ಅಧ್ಯಾಪಕರಿಲ್ಲದ ವಿಭಾಗವನ್ನು ಈ ಜೂನಿನಿಂದ ಮುಚ್ಚಬೇಕು ಎಂದು ಸರ್ಕಾರ ಹೇಳಿತ್ತು. ವಿಭಾಗ ಮುಚ್ಚಿದರೆ ಅತಿಥಿಯೂ ಮನೆಗೆ. ಅರ್ಥಶಾಸ್ತ್ರದ ಕಾಯಂ ಹುದ್ದೆಗೆ ಆಯ್ಕೆಯಾಗಿದ್ದ ಮೊದಲನೆಯವನು ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ಅಲ್ಲಿಂದಲೇ ಹೊರಟುಹೋಗಿದ್ದ. ಎರಡನೆಯವನು ಕಮಲಾಪುರದಲ್ಲಿ ಚಹಾ ಕುಡಿದು ಬರುತ್ತೇನೆಂದು ಹೋದವನು ಇನ್ನೂ ಕುಡಿಯುತ್ತಲೇ ಇದ್ದ. ಉಳಿದವಳು ಹೆಚ್ಚುವರಿ ಪಟ್ಟಿಯ ಈ ಗಂಗಾಂಬಿಕಾ ಒಬ್ಬಳೇ.

"ಆಯಮ್ಮ ನೀವು ಬರ್ದ ಪುಟ ಓದ್ಯಾಳಂತ. ಮೊದ್ಲು ಎಲ್ಲಾ ನೋಡಿ, ಆಮ್ಯಾಲ ಸಹಿ ಅಂದಾಳ."

"ಎಲ್ಲಾ ಅಂದ್ರ ಏನ್ಸಾರ್?"

"ನನಗೇನ್ ಗೊತ್ತು? ಬರ್ದೋರು ನೀವು. ಸಹಿ ಆತಂದ್ರ ನಿಮ್ ರಿನ್ಯೂವಲ್ ನನ್ ಜವಾಬ್ದಾರಿ. ಫೈಲ್ ಬ್ಯಾಗಿನಾಗಾ ಇಟ್ಕಂಡಿರ್ತೀನಿ."

ಹನ್ನೊಂದು ವರ್ಷದಿಂದ ಹೊನ್ನೂರುಸ್ವಾಮಿ ಅತಿಥಿಯಾಗಿದ್ದ. ಅಷ್ಟು ವರ್ಷ ಇದ್ದರೆ ಮಾವನ ಮನೆಯಲ್ಲೂ ಅಳಿಯನ ಅಂಗಿಗೆ ಒಂದು ಗೂಟ ಮೀಸಲಾಗುತ್ತದೆ. ಇವನಿಗೆ ಪ್ರತಿ ಬೇಸಿಗೆಯಲ್ಲೂ ಅದೇ ಎದೆಬಡಿತ, ಅದೇ ಕಾಯುವಿಕೆ, ಅದೇ 'ನೋಡಾಮು'. ಅವನಿಗೆ ದಣಿವಾಗಿತ್ತು. ಅದು ನಿದ್ದೆ ಮಾಡಿದರೆ ಹೋಗುವ ಜಾತಿಯ ದಣಿವಲ್ಲ.

ಹೊಸಪೇಟೆಯ ಮನೆಯಿಂದ ಹೊರಡುವಾಗ ಹೆಂಡತಿ ಭಾಗ್ಯ ಡಬ್ಬಿ ಕೈಗಿಟ್ಟಳು. "ಒಂದ್ ಮಾತು ಕೇಳ್ರಿ. ಇವತ್ತೊಂದಿನ ನಿಜ ಹೇಳಬ್ಯಾಡ್ರಿ," ಎಂದಳು. ಅವನು ಹೂಂ ಎಂದ.

ಗಂಗಾಂಬಿಕಾ ಹೇಳಿದ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಇಳಿದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬಳ್ಳಾರಿಯ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವಳು. ಕೈಯಲ್ಲಿ ಹೊನ್ನೂರುಸ್ವಾಮಿಯ ಪುಟದ ಪ್ರಿಂಟ್ ಇತ್ತು. ಐದು ಮೌಲ್ಯಗಳ ಮುಂದೆ ಪೆನ್ಸಿಲಿನಿಂದ ಐದು ಚೌಕಗಳನ್ನು ಬರೆದುಕೊಂಡು ಬಂದಿದ್ದಳು. ಅದನ್ನು ನೋಡಿದ ಕೂಡಲೇ ಹೊನ್ನೂರುಸ್ವಾಮಿ ಊರಿನ ಮಾತು ತೆಗೆದ.

"ನಿಮ್ದು ಯಾವೂರ್ರಿ ಮೇಡಂ?" ಎಂದು ಕೇಳಿದ.

"ದೋಣಿಮಲೈ, ಸರ್. ಅಪ್ಪ ಮೈನ್ಸ್‌ನಾಗ ಫೋರ್‌ಮನ್ ಇದ್ರು. ಕಾಲೊನಿಯಾಗಾ ಬೆಳೆದಾಕಿ."

"ಹಂಗನ್ರಿ."

"ನಮ್ ಕಾಲೊನಿಯಾಗ ಬೋರ್ಡಿನ ಮ್ಯಾಲ ಏನ್ ಬರ್ದಿರ್ತಿತ್ತೋ ಅದಾ ನಡೀತಿತ್ತು. ಬಸ್ ಟೈಮು ಬರ್ದಿದ್ರ ಆ ಟೈಮಿಗೆ ಬಸ್ಸು. ನೀರಿನ ಟೈಮು ಬರ್ದಿದ್ರ ಆ ಟೈಮಿಗೆ ನೀರು. ಅದ್ಕಾ ನನಗ ಬರ್ದಿದ್ದು ಅಂದ್ರ ಭಾಳ ನಂಬಿಕಿ." ಅವಳು ಪುಟವನ್ನು ಮೇಲೆತ್ತಿದಳು. "ಇದನ್ನ ಯಾರು ಬರ್ದಾರೋ, ಭಾಳ ಚಂದ ಬರ್ದಾರ."

ಹೊನ್ನೂರುಸ್ವಾಮಿ ಬಾಳೆತೋಟದ ಕಡೆ ನೋಡಿದ.

ಮೊದಲು ವಿದ್ವತ್ ಸಮುದಾಯವನ್ನು ಭೇಟಿ ಮಾಡಿಸಬೇಕಿತ್ತು. ಕನ್ನಡ ವಿಭಾಗದಲ್ಲಿ ಪ್ರೊಫೆಸರ್ ಮೂಕಣ್ಣ ಕೂತಿದ್ದರು. ನಮಸ್ಕಾರವಾಯಿತು, ಎರಡು ಮಾತಾಯಿತು. ಅಲ್ಲಿಂದ ಇತಿಹಾಸ ವಿಭಾಗಕ್ಕೆ ಹೊನ್ನೂರುಸ್ವಾಮಿ ಅವಳನ್ನು ಬೇಕೆಂದೇ ದೂರದ ದಾರಿಯಲ್ಲಿ ಕರೆದುಕೊಂಡು ಹೋದ. ನೀರಿಲ್ಲದ ಕಾರಂಜಿಯನ್ನು ಒಂದು ಸುತ್ತು ಸುತ್ತಿಸಿದ. ಅಷ್ಟರಲ್ಲಿ ಮೂಕಣ್ಣನವರು ಹಿಂಬಾಗಿಲಿನಿಂದ ಇಳಿದು, ಬೇಲಿ ದಾಟಿ, ಇತಿಹಾಸದ ಕುರ್ಚಿಯಲ್ಲಿ ಕೂರಬೇಕು. ಇದು ಕೊಟ್ರಯ್ಯನವರ ಏರ್ಪಾಡು. ಮೂಕಣ್ಣನವರು ಕೂತಿದ್ದರು ನಿಜ. ವ್ಯತ್ಯಾಸವಿರಲಿ ಎಂದು ಹೆಗಲಿಗೊಂದು ಶಾಲನ್ನೂ ಹಾಕಿಕೊಂಡಿದ್ದರು. ಆದರೆ ಏದುಸಿರು ಬಿಡುತ್ತಿದ್ದರು, ಪಂಚೆಗೆಲ್ಲ ಬೇಲಿಯ ಮುಳ್ಳು ಹತ್ತಿತ್ತು.

ಗಂಗಾಂಬಿಕಾ ಅವರನ್ನು ನೋಡಿದಳು, ಶಾಲನ್ನು ನೋಡಿದಳು. "ಸರ್, ನಿಮ್ಮನ್ನ ಈಗಿನ್ನ ಆಕಡೆ ನೋಡಿದ್ವಲ್ಲ?"

ಹೊನ್ನೂರುಸ್ವಾಮಿ ಕಿಟಕಿಯ ಕಡೆ ತಿರುಗಿದ. ಮೂಕಣ್ಣನವರಿಗೆ ಮಾತ್ರ ಒಂದಿಷ್ಟೂ ಗಾಬರಿಯಾಗಲಿಲ್ಲ.

"ಅಲ್ಲಿ ನೋಡಿದ್ದು ಕನ್ನಡದ ಮುಖ್ಯಸ್ಥರನ್ನಮ್ಮ. ಇಲ್ಲಿ ನಾ ಇತಿಹಾಸದಾವ. ಎರಡೂ ಬ್ಯಾರೆ ಬ್ಯಾರೆ."

"ಆದ್ರ ಮನಿಷಾ ಒಬ್ರಾ ಅಲ್ಲೇನ್ರಿ?"

"ಮನಿಷಾ ಒಬ್ಬ. ಹುದ್ದೆ ಬ್ಯಾರೆ. ಹೋದ ತಿಂಗಳು ಕನ್ನಡದ ಮುಖ್ಯಸ್ಥರು ಎರಡು ಕಪಾಟು ಕೇಳಿ ಇಲ್ಲಿಗೊಂದು ಪತ್ರ ಬರದ್ರು. ಕೊಡಾಕ ಆಗಂಗಿಲ್ಲ ಅಂತ ನಾ ಇಲ್ಲಿ ಕುಂತು ಉತ್ತರ ಬರದೆ. ಅವ್ರು ಗ್ರಂಥಾಲಯಕ್ಕ ಬರದ್ರು. ಗ್ರಂಥಾಲಯಾನೂ ನಂದಾ. ಅಲ್ಲಿ ಹೋಗಿ, ಇತಿಹಾಸದೋರು ಕೊಡಲಿ ಅಂತ ಬರದೆ. ಕಡೀಕ ತಡ ಮಾಡಿದ್ದಕ್ಕ ಇಬ್ರಿಗೂ ನೋಟಿಸು ಕೊಟ್ಟೀನಿ."

"ಯಾರು ಕೊಟ್ರು ನೋಟಿಸು?"

"ಪ್ರಭಾರ ಕುಲಸಚಿವರು," ಎಂದರು ಮೂಕಣ್ಣ, ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು.

ಇಲ್ಲಿಗೆ ಮುಗಿಯಿತು ಎಂದುಕೊಂಡ ಹೊನ್ನೂರುಸ್ವಾಮಿ. ಈಗ ಇವಳು ಚಹಾ ಕುಡಿಯಲು ಕಮಲಾಪುರಕ್ಕೆ ಹೊರಡುತ್ತಾಳೆ. ಅವಳು ಕೈಯಲ್ಲಿದ್ದ ಪುಟವನ್ನು ನೋಡಿದಳು.

"ಸಿಟ್ಟು ಬರ್ಲಿಲ್ಲೇನ್ರಿ ಸರ್, ಅವರಿಗೆ?"

"ಯಾರಿಗೆ?"

"ಕನ್ನಡದೋರಿಗೆ. ಕಪಾಟು ಕೊಡಲಿಲ್ಲಾಂತ."

"ಏ, ಇಲ್ಲಮ್ಮ. ಸಂಜಿಕ ಒಂದಾ ಬಸ್ಸಿನಾಗ ಹೋಗಾದು."

ಅವಳು ಪೆನ್ಸಿಲು ತೆಗೆದಳು. "ನಮ್ ಕಾಲೇಜಿನಾಗ ಎರಡು ಡಿಪಾರ್ಟ್‌ಮೆಂಟಿನೋರು ಒಬ್ರ ಮುಖ ಒಬ್ರು ನೋಡಂಗಿಲ್ಲ ಸರ್. ಎಂಟು ವರ್ಷದಿಂದ ಅದನ್ನಾ ನೋಡಿ ಸಾಕಾಗೇತಿ," ಎನ್ನುತ್ತ 'ಸೌಹಾರ್ದ'ದ ಚೌಕದಲ್ಲಿ ಗುರುತು ಹಾಕಿದಳು. ಮೂಕಣ್ಣನವರು ಸಮಾಜಶಾಸ್ತ್ರಕ್ಕೆ ಹೋಗಿ ಕೂರಬೇಕೇ ಬೇಡವೇ ಎಂದು ಕಣ್ಸನ್ನೆಯಲ್ಲಿ ಕೇಳಿದರು. ಬೇಡ ಎಂದು ಹೊನ್ನೂರುಸ್ವಾಮಿಯೂ ಕಣ್ಣಲ್ಲೇ ಹೇಳಿದ.

ಮಧ್ಯಾಹ್ನ ಹುಲುಗಮ್ಮನ ಕ್ಯಾಂಟೀನಿಗೆ ಹೋದರು. ಆವತ್ತು ನೀರು ಬಂದಿರಲಿಲ್ಲ, ಬಾಗಿಲಲ್ಲಿ ಒಂದೇ ಒಂದು ಡ್ರಮ್ಮು ನಿಂತಿತ್ತು. ಹುಲುಗಮ್ಮ ಅದರ ಪಕ್ಕ ಚೊಂಬು ಹಿಡಿದು ಕಾವಲು ಕೂತಿದ್ದಳು. ಯಾರೇ ಆಗಲಿ, ಸಾಲಿನಲ್ಲಿ ನಿಂತು, ತಮ್ಮ ತಟ್ಟೆಯನ್ನು ತಾವೇ ಒಂದೇ ಚೊಂಬಿನಲ್ಲಿ ತೊಳೆದಿಡಬೇಕು. ಸಾಲಿನ ನಡುವೆ ಒಬ್ಬ ಹುಡುಗಿ ಮತ್ತು ಹಾಸ್ಟೆಲಿನ ಅಡುಗೆಯವನ ಮಧ್ಯೆ ಪ್ರಭಾರ ಕುಲಪತಿ ಕೊಟ್ರಯ್ಯನವರು ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಎಣ್ಣೆ ಅಂಟಿದ ತಟ್ಟೆ ಹಿಡಿದು ನಿಂತಿದ್ದರು. ಗಂಗಾಂಬಿಕಾ ಬಂದಳೆಂದು ಸ್ವಲ್ಪ ಮುಂದೆ ನುಗ್ಗಲು ನೋಡಿದರು.

"ಹಿಂದ್ಕ ಹೋಗ್ರಿ ಸಾಹೇಬ್ರ. ಎರಡನೇ ಚೊಂಬು ಯಾರಿಗೂ ಇಲ್ಲ," ಎಂದಳು ಹುಲುಗಮ್ಮ.

ಕೊಟ್ರಯ್ಯನವರು ಹಿಂದಕ್ಕೆ ಹೋದರು. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಗಂಗಾಂಬಿಕಾ ಮಾತ್ರ ಆ ಸಾಲನ್ನು ಬೆರಗಾಗಿ ನೋಡುತ್ತ ನಿಂತಳು. ಅವಳ ಕಾಲೇಜಿನಲ್ಲಿ ಆಡಳಿತ ಮಂಡಳಿಯವರ ತಟ್ಟೆ ತೊಳೆಯಲಿಕ್ಕೆ ಬೇರೆ ಆಳು, ಅಧ್ಯಾಪಕರದ್ದಕ್ಕೆ ಬೇರೆ ಆಳು ಇದ್ದರಂತೆ. 'ಸಮಾನತೆ'ಯ ಚೌಕಕ್ಕೂ ಗುರುತು ಬಿತ್ತು.

ಊಟವಾದ ಮೇಲೆ ತೋರಿಸಲು ಏನೂ ಉಳಿದಿರಲಿಲ್ಲ. ಹೊನ್ನೂರುಸ್ವಾಮಿ ಅವಳನ್ನು ಬೇವಿನ ಮರದ ಕೆಳಗೆ ಕರೆದೊಯ್ದ. ಅಲ್ಲಿ ಬೇರೆ ಬೇರೆ ಮಂತ್ರಿಗಳು ನೆಟ್ಟುಹೋದ ಶಂಕುಸ್ಥಾಪನೆಯ ಕಲ್ಲುಗಳು ಸಾಲಾಗಿ ನಿಂತಿದ್ದವು, ಕಟ್ಟಡಗಳು ಮಾತ್ರ ಬಂದಿರಲಿಲ್ಲ. ಪರೀಕ್ಷಾ ಭವನದ ಕಲ್ಲಿನ ಕಟ್ಟೆಯ ಮೇಲೆ ಅವಳು, ಒಳಾಂಗಣ ಕ್ರೀಡಾಂಗಣದ ಕಟ್ಟೆಯ ಮೇಲೆ ಇವನು ಕೂತರು.

"ಸರ್, ನೀವು ಇಲ್ಲಿ ಏನಾಗಿದ್ದೀರಿ ಅಂತ ಹೇಳಲೇ ಇಲ್ಲ."

"ಅತಿಥಿ ಉಪನ್ಯಾಸಕ ರಿ."

"ಎಷ್ಟು ವರ್ಷಾತು?"

"ಹನ್ನೊಂದು."

"ಮತ್ತ ಈ ಪೋಸ್ಟಿಗೆ ನೀವು ಯಾಕ ಅರ್ಜಿ ಹಾಕಲಿಲ್ಲ?"

ಭಾಗ್ಯ ಹೇಳಿದ್ದು ಅವನಿಗೆ ನೆನಪಿತ್ತು. ಆದರೆ ಬೇವಿನ ಗಾಳಿ ತಂಪಾಗಿತ್ತು. ಎದುರಿಗೆ ಕೂತು ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. "ಅರ್ಜಿ ಕರೀತಾರ ಅಂತ ಕಾಯ್ಕಂತ ಕುಂತೆ ಮೇಡಂ. ಇವತ್ತು ಕರೀತಾರ, ನಾಳಿ ಕರೀತಾರ ಅಂತ. ಅವ್ರು ಕರಿಯಾದ್ರೊಳಗ ನನ್ ವಯಸ್ಸು ದಾಟಿತ್ತು. ಪಿಎಚ್‌ಡಿ ಐತಿ, ನೆಟ್ ಐತಿ, ಪಾಠ ಐತಿ. ಬರ್ಥ್ ಸರ್ಟಿಫಿಕೇಟ್ ಒಂದಾ ಸರಿ ಇಲ್ಲ. ನೀವು ಸಹಿ ಹಾಕಿದ್ರ ಡಿಪಾರ್ಟ್‌ಮೆಂಟ್ ಉಳೀತದ, ಇನ್ನೊಂದು ವರ್ಷ ನಾನೂ ಉಳೀತೀನಿ. ಅಷ್ಟಾ ರಿ. ಮುಂಜಾನಿಂದ ನಿಮ್ಮನ್ನ ತಿರುಗಾಡಿಸಾಕ ಹತ್ತಿದ್ದು ಅದ್ಕಾ."

ಹೇಳಿ ಮುಗಿಸಿದ ಮೇಲೆ ಅವನಿಗೆ ಹೆದರಿಕೆಯಾಯಿತು. ಗಂಗಾಂಬಿಕಾಳ ಕಣ್ಣು ತೇವವಾಗಿತ್ತು.

"ಸರ್, ಒಂದ್ ಮಾತು ಕೊಡ್ತೀನಿ. ನಾ ಇಲ್ಲಿಗೆ ಬಂದ್ರ ನಿಮ್ ವಿಷಯದಾಗ ಯಾವ ಅನ್ಯಾಯಾನೂ ಆಗಾಕ ಬಿಡಂಗಿಲ್ಲ."

ಹನ್ನೊಂದು ವರ್ಷದಲ್ಲಿ ಅನ್ಯಾಯ ಎಂಬ ಮಾತನ್ನು ಈ ಆವರಣದಲ್ಲಿ ಹೊನ್ನೂರುಸ್ವಾಮಿಯ ಪರವಾಗಿ ಆಡಿದವರು ಇವಳೊಬ್ಬಳೇ. ಏನೋ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ದೂರದಲ್ಲಿ ಕಂಪ್ಲಿ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು.

ಅದು ಹೊಸಪೇಟೆಗೆ ಹೋಗುವ ಬಸ್ಸು. ಅದು ಹೋದರೆ ಮುಂದಿನದು ಕತ್ತಲಾದ ಮೇಲೆ, ಅದೂ ಡ್ರೈವರಿಗೆ ಮನಸ್ಸಿದ್ದರೆ. ಹಾರ್ನ್ ಕೇಳಿದ್ದೇ ತಡ, ಇಡೀ ವಿಶ್ವವಿದ್ಯಾಲಯದ ಬಾಗಿಲುಗಳು ಒಟ್ಟಿಗೆ ತೆರೆದವು. ಗುಮಾಸ್ತರು ಓಡಿದರು, ಗ್ರಂಥಾಲಯದ ಸಹಾಯಕರು ಓಡಿದರು. ಶಾಲು ಹಾರಿಸಿಕೊಂಡು ನಾಲ್ಕು ವಿಭಾಗಗಳು ಒಂದೇ ಪಂಚೆಯಲ್ಲಿ ಓಡಿದವು. ಕಾರು ರಿಪೇರಿಗೆ ಹೋಗಿದ್ದರಿಂದ ಕೊಟ್ರಯ್ಯನವರೂ ಓಡಿದರು.

ಗಂಗಾಂಬಿಕಾ ಕಟ್ಟೆಯಿಂದ ಎದ್ದು ನಿಂತಳು. "ನಮ್ ದೋಣಿಮಲೈನಾಗ ಸೈರನ್ ಆದ್ರ ಹಿಂಗಾ ಸರ್," ಎಂದಳು, ತವರನ್ನು ಕಂಡವಳಂತೆ. 'ಸಮಯಪ್ರಜ್ಞೆ'ಗೆ ಗುರುತು ಹಾಕಿದಳು. "ನಾ ಸೇರ್ತೀನಿ ಸರ್. ಎಲ್ಲಿ ಸಹಿ ಮಾಡ್ಲಿ?"

ಇನ್ನೂ ಎರಡು ಚೌಕಗಳು ಖಾಲಿ ಇದ್ದವು. ಅವಳು ಕೇಳಲಿಲ್ಲ, ಅವನು ನೆನಪಿಸಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ: ಕೆಲಸಕ್ಕೆ ಸೇರುವ ಹಾಜರಿ ವರದಿಯೂ ಮೊಹರೂ ಸೂಪರಿಂಟೆಂಡೆಂಟ್ ಉಚ್ಚೆಂಗಪ್ಪನ ಚೀಲದಲ್ಲಿವೆ, ಉಚ್ಚೆಂಗಪ್ಪ ಬಸ್ಸಿನ ಕಡೆ ಓಡುತ್ತಿದ್ದಾನೆ.

"ಓಡ್ರಿ ಮೇಡಂ," ಎಂದ ಹೊನ್ನೂರುಸ್ವಾಮಿ.

ಅವನ ಒಂದು ಚಪ್ಪಲಿ ಕಾರಂಜಿಯ ಹತ್ತಿರ ಬಾರು ಕಿತ್ತು ಅಲ್ಲೇ ಉಳಿಯಿತು. ಊಟದ ಡಬ್ಬಿ ಗೇಟಿನ ಹತ್ತಿರ ಬಿತ್ತು. ಹೊರಡುತ್ತಿದ್ದ ಬಸ್ಸಿನ ಮುಂದೆ ಅವನು ಎರಡೂ ಕೈ ಚಾಚಿ ನಿಂತಾಗ ಡ್ರೈವರು ಬ್ರೇಕು ತುಳಿದು, ಅವನ ಮನೆತನವನ್ನೆಲ್ಲ ನೆನೆದ.

"ಲೇ ಮೇಷ್ಟ್ರ, ಸಾಯಾಕ ಬ್ಯಾರೆ ಬಸ್ ಸಿಗಲಿಲ್ಲೇನು?"

"ಉಚ್ಚೆಂಗಪ್ಪನ್ನ ಇಳಸ್ರಿ. ಒಂದ್ ಸಹಿ ಐತಿ."

"ನಾ ಇಳಿಯಂಗಿಲ್ಲ," ಎಂದ ಉಚ್ಚೆಂಗಪ್ಪ ಒಳಗಿನಿಂದ. ಬಹಳ ದಿನಗಳ ಮೇಲೆ ಅವನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. "ಬೇಕಾದ್ರ ಮೇಡಂರಾ ಮ್ಯಾಲ ಬರ್ಲಿ."

ಗಂಗಾಂಬಿಕಾ ಹತ್ತಿದಳು. ಹಿಂದೆ ಒಂದೇ ಚಪ್ಪಲಿಯ ಹೊನ್ನೂರುಸ್ವಾಮಿಯೂ ಹತ್ತಿದ. ಒಳಗೆ ಕುಲಪತಿ, ಕುಲಸಚಿವ, ಕನ್ನಡ, ಇತಿಹಾಸ, ಗ್ರಂಥಾಲಯ, ಗುಮಾಸ್ತರು, ಹುಲುಗಮ್ಮ ಎಲ್ಲರೂ ಇದ್ದರು, ಬಾಳೆಗೊನೆ ಹೊತ್ತ ಕಂಪ್ಲಿಯ ಹೆಂಗಸರ ನಡುವೆ ಒತ್ತಿಕೊಂಡು. ಆ ವಿದ್ವತ್ ಸಮುದಾಯ ಪೂರ್ತಿಯಾಗಿ ಒಂದೇ ಕಡೆ ಸೇರುತ್ತಿದ್ದದ್ದು ದಿನಾ ಅಲ್ಲಿಯೇ. ಡ್ರೈವರನ ಪಕ್ಕದ ಎಂಜಿನ್ ಡಬ್ಬದ ಮೇಲೆ ಕಾಗದವಿಟ್ಟು ಗಂಗಾಂಬಿಕಾ ಸಹಿ ಮಾಡಿದಳು. ಕೊಟ್ರಯ್ಯನವರು ಕೂತಲ್ಲಿಂದಲೇ ಸಹಿ ಹಾಕಿದರು, ಉಚ್ಚೆಂಗಪ್ಪ ಅವರ ಮೊಣಕಾಲಿನ ಮೇಲೆ ಅದನ್ನಿಟ್ಟು ಮೊಹರು ಒತ್ತಿದ. ಬಾಳೆಗೊನೆಯ ಹೆಂಗಸೊಬ್ಬಳು, ಏನೋ ಶುಭಕಾರ್ಯ ಇರಬೇಕೆಂದು, ಎರಡು ಹಣ್ಣು ಮುರಿದು ಕೊಟ್ಟಳು.

ಬಸ್ಸು ಹೊರಟಿತು. ಕಾಯಂ ಅಧ್ಯಾಪಕರು ಬಂದ ಮೇಲೆ ಪ್ರಭಾರಕ್ಕೆ ಜಾಗವಿಲ್ಲವೆಂದು, ಅರ್ಥಶಾಸ್ತ್ರದ ಪ್ರಭಾರವನ್ನೂ ಹೊತ್ತಿದ್ದ ಮೂಕಣ್ಣನವರು ಆ ವಿಭಾಗದ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಅವಳಿಗೆ ಕೊಟ್ಟರು. ಒಂದು ಕುರ್ಚಿಯ ಭಾರ ಇಳಿದದ್ದಕ್ಕೆ ದೊಡ್ಡದಾಗಿ ಉಸಿರು ಬಿಟ್ಟರು. ಹೊನ್ನೂರುಸ್ವಾಮಿಗೆ ಆ ಕ್ಷಣ ಬಹಳ ಸಂತೋಷವಾಯಿತು. ಅವನು ಕಂಬ ಹಿಡಿದು ನಿಂತು, ಬರಿಗಾಲನ್ನು ಇನ್ನೊಂದು ಕಾಲಿನ ಹಿಂದೆ ಬಚ್ಚಿಟ್ಟುಕೊಂಡು, ಕೊಟ್ರಯ್ಯನವರ ಚೀಲವನ್ನೇ ನೋಡುತ್ತಿದ್ದ.

ಕೊಟ್ರಯ್ಯನವರು ಮಾತಿಗೆ ತಪ್ಪಲಿಲ್ಲ. ಫೈಲನ್ನು ಹೊರಗೆ ತೆಗೆದರು. "ಮೇಡಂ, ಹೆಡ್ ಆದ್ಮ್ಯಾಲ ಇದಾ ನಿಮ್ ಮೊದಲ್ನೇ ಸಹಿ. ನಮ್ ಹೊನ್ನೂರುಸ್ವಾಮಿ ಅವ್ರನ್ನ ಈ ವರ್ಷಾನೂ ಮುಂದುವರಿಸಾಕ. ಮೂಕಣ್ಣ ಅವ್ರಾದ್ರ ಕಣ್ಮುಚ್ಕಂಡು ಹಾಕ್ತಿದ್ರು."

ಗಂಗಾಂಬಿಕಾ ಕಣ್ಣು ಮುಚ್ಚಲಿಲ್ಲ. ಓದಿದಳು. ಎರಡು ಸಲ ಓದಿದಳು. "ಹೊಸಾ ಅರ್ಜಿ ಕರದಿಲ್ಲೇನ್ರಿ ಸರ್?"

"ಹನ್ನೊಂದು ವರ್ಷದಿಂದ ಇವ್ರಾ ಅದಾರ. ಕರಿಯಾದು ಯಾಕ?"

ಅವಳು ಮಡಚಿಟ್ಟಿದ್ದ ಪುಟವನ್ನು ತೆಗೆದು, ಖಾಲಿ ಉಳಿದಿದ್ದ ಎರಡು ಚೌಕಗಳ ಮೇಲೆ ಬೆರಳಿಟ್ಟಳು. "ಪಾರದರ್ಶಕತೆ, ಅರ್ಹತೆಗೆ ಮನ್ನಣೆ. ಇವೆರಡೂ ನನಗ ಕಾಣಲಿಲ್ಲಲ್ಲ ಅನ್ಕಂತಿದ್ದೆ. ನನ್ನಿಂದಾ ಶುರುವಾಗಲಿ ಸರ್." ಆಮೇಲೆ ಹೊನ್ನೂರುಸ್ವಾಮಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಇದ್ದದ್ದು ಅಪ್ಪಟ ಪ್ರೀತಿ. "ಸರ್, ಪ್ರತಿ ವರ್ಷ ಯಾರೋ ಉಪಕಾರ ಮಾಡಿದಂಗ ನಿಮ್ಮನ್ನ ಇಟ್ಕಳ್ಳಾದು ನಿಮಗ ಅನ್ಯಾಯ. ಎಲ್ರಿಗೂ ಅರ್ಜಿ ಕರಿಯಾಮು. ಎಲ್ರ ಜೊತಿ ನೀವೂ ಹಾಕ್ರಿ. ಗೆದ್ದು ಬರ್ರಿ. ಮಾತು ಕೊಟ್ಟಿದ್ನಲ್ಲ."

ಹೊನ್ನೂರುಸ್ವಾಮಿ ಕುಲಪತಿಯನ್ನು ನೋಡಿದ. ಅವರು ಬಾಳೆಹಣ್ಣು ಸುಲಿಯುತ್ತಿದ್ದರು. "ಮೇಡಂ ಹೇಳಾದು ಸರಿ ಐತಿ," ಎಂದರು. ಸರಿ ಐತಿ ಎಂದರು ಮೂಕಣ್ಣನವರೂ, ತಮ್ಮ ಉಳಿದೆಲ್ಲ ವಿಭಾಗಗಳ ಪರವಾಗಿ. ಪುಟ ಬರೆದವನು ನಾನೇ, ಅದೆಲ್ಲ ಬಸ್ಸಿನಲ್ಲಿ ಹೊತ್ತು ಹೋಗದೆ ಬರೆದದ್ದು ಎಂದು ಹೇಳಿಬಿಡೋಣವೆಂದು ಅವನಿಗೆ ಅನ್ನಿಸಿತು. ಆದರೆ ಅವಳು ಆ ಪುಟವನ್ನು ಎಷ್ಟು ಜೋಪಾನವಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡಳೆಂದರೆ, ಹೇಳಲಾಗಲಿಲ್ಲ.

ಕಮಲಾಪುರ ದಾಟಿದ ಮೇಲೆ ಕೊಟ್ರಯ್ಯನವರಿಗೆ ಏನೋ ಹೊಳೆಯಿತು. "ಹೊನ್ನೂರುಸ್ವಾಮಿ, ಅರ್ಜಿ ಹಾಕಬೇಕಾದೋರು ಸುಮ್ನ ಬರಂಗಿಲ್ಲ. ಮೊದ್ಲು ಅವ್ರಿಗೆ ನಮ್ ಯೂನಿವರ್ಸಿಟಿ ಪರಿಚಯ ಆಗ್ಬೇಕು. ಮುಂದಿನ ವಾರ ಎಲ್ರನ್ನೂ ಕರಸಾಮು, ನೀವಾ ತೋರಿಸ್ರಿ. ಇವತ್ತು ತೋರಿಸಿದಂಗಾ. ನಿಮ್ಮಷ್ಟು ಮಸ್ತ್ ಮಾಡೋರು ಬ್ಯಾರೆ ಯಾರೂ ಸಿಗಂಗಿಲ್ಲ."

"ಆತ್ರಿ ಸಾರ್," ಎಂದ ಹೊನ್ನೂರುಸ್ವಾಮಿ.

ಮನೆಗೆ ಬಂದಾಗ ಭಾಗ್ಯ ಬಾಗಿಲಲ್ಲೇ ನಿಂತಿದ್ದಳು. ಒಂದೇ ಚಪ್ಪಲಿಯನ್ನು ನೋಡಿದಳು, ಡಬ್ಬಿಯಿಲ್ಲದ ಕೈಯನ್ನು ನೋಡಿದಳು.

"ಆಯಮ್ಮ ಸಹಿ ಹಾಕಿದ್ಲೇನು?"

"ಹಾಕಿದ್ಲು."

"ಮತ್ತ ಮುಖ ಯಾಕ ಹಿಂಗೈತಿ? ನಿಜ ಏನಾರ ಹೇಳಿದ್ರ್ಯಾ?"

ಹೊನ್ನೂರುಸ್ವಾಮಿ ಹೊಸ್ತಿಲ ಮೇಲೆ ಕೂತ. ಉಳಿದ ಚಪ್ಪಲಿಯನ್ನೂ ಕಳಚಿ ಪಕ್ಕಕ್ಕಿಟ್ಟ.

"ನಿಜ ಹೇಳಿದ್ದಕ್ಕ ಏನೂ ಆಗ್ಲಿಲ್ಲ," ಎಂದ. "ಎರಡು ವರ್ಷದ ಹಿಂದ ಒಂದ್ ಸುಳ್ಳು ಬರ್ದಿದ್ದೆ. ಆಯಮ್ಮ ಅದನ್ನ ನಂಬಿಬಿಟ್ಲು."